ವರದಾ ದಂಡೆಯ ಹೊಲ: ಕಾರ್ಡಲ್ಲಿ ಎಲ್ಲಾ ಸರಿ, ಮಳೆ ಹಿಡಿದರೆ ಗೋವಿನಜೋಳ ಹಳದಿ. ಇದು ಯಾವ ಮಣ್ಣು?

ವರದಾ ದಂಡಿ
ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಹಾವೇರಿ ತಾಲೂಕು. ವರದಾ ನದಿಯ ದಂಡೆಗೆ ಮೂರು ಎಕರೆ ಹೊಲ ಇದೆ. ಮೊದಲು ಅಪ್ಪ ಪಂಪ್‌ಸೆಟ್ ಇಟ್ಟು ಭತ್ತ ಮಾಡುತ್ತಿದ್ದರು. ಈಗ ಆಳು ಸಿಗುವುದಿಲ್ಲ, ಅದಕ್ಕೆ ಗೋವಿನಜೋಳ ಹಾಕುತ್ತೇವೆ. ಜೂನ್‌ನಲ್ಲಿ ಬೆಳೆ ಚಲೋ ಏಳುತ್ತದೆ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿಯಿತೋ, ಮೊಣಕಾಲೆತ್ತರದ ಬೆಳೆ ಕೆಳಗಿನ ಎಲೆಯಿಂದ ಹಳದಿ ಆಗುತ್ತಾ ಬರುತ್ತದೆ. ಅಂಗಡಿಯವರು ಯೂರಿಯಾ ಹಾಕಿ ಅಂದರು, ಆಮೇಲೆ ಜಿಂಕ್ ಅಂದರು. ಎರಡೂ ಹಾಕಿದ್ದಾಯಿತು.

ಮಣ್ಣು ಎರಿ (ಕಪ್ಪು ಮಣ್ಣು) ಅಲ್ಲ, ಮಸಾರಿಯೂ (ಕೆಂಪು ಮಣ್ಣು) ಅಲ್ಲ. ಬೂದಿಗಂದು ಬಣ್ಣ. ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ತೆಳ್ಳಗೆ ಹೆಪ್ಪುಗಟ್ಟುತ್ತದೆ, ಉಗುರಿಂದ ಎಬ್ಬಿಸಿದರೆ ಪದರ ಏಳುತ್ತದೆ. ಎರಿ ಹೊಲದಲ್ಲಿ ಬೀಳುವಂಥ ದೊಡ್ಡ ಬಿರುಕು ಇಲ್ಲಿ ಬೇಸಿಗೆಯಲ್ಲೂ ಕಾಣುವುದಿಲ್ಲ. ಮಣ್ಣು ಆರೋಗ್ಯ ಕಾರ್ಡಲ್ಲಿ ರಸಸಾರ (ಪಿಎಚ್) 7.3, ಇಸಿ (ಉಪ್ಪಿನ ಅಳತೆ) 0.3, ಸಾವಯವ ಇಂಗಾಲ ಮಧ್ಯಮ ಅಂತ ಬಂದಿದೆ. ಎಲ್ಲಾ ಸರಿ ಇದ್ದರೆ ಬೆಳೆ ಯಾಕೆ ಹೀಗೆ?

ಟ್ರ್ಯಾಕ್ಟರ್ ಗದಗ
ಸಬ್‌ಸಾಯಿಲರ್ ಹೊಡೆಸಿ ಅಣ್ಣಾ. ಎರಡು ಅಡಿ ಸೀಳಿದರೆ ನೀರು ತಾನೇ ಇಳಿಯುತ್ತದೆ. ಇದಕ್ಕೆ ಇಷ್ಟು ಯೋಚನೆ ಯಾಕೆ?

ಎರಿಹೊಲ ನವಲಗುಂದ
ತಮ್ಮಾ, ಇದು ಜವಳು, ನೀರು ಬಸಿಯದೆ ನಿಂತ ನೆಲ. ನಮ್ಮ ಕಡೆ ಮಲಪ್ರಭಾ ಕಾಲುವೆ ಬಂದ ಮೇಲೆ ನವಲಗುಂದ, ನರಗುಂದದಲ್ಲಿ ಎಷ್ಟೋ ಹೊಲ ಸವಳು-ಜವಳು ಆದವು. ಮೊದಲು ನೀರು ಮೇಲೆ ಬರುತ್ತದೆ, ಹಿಂದೆಯೇ ಉಪ್ಪು ಬರುತ್ತದೆ. ಬೆಳೆ ಸುಟ್ಟ ಹಾಗೆ ಆಗುತ್ತದೆ. ಜಿಪ್ಸಂ ಹಾಕು, ಬಸಿಗಾಲುವೆ ತೆಗೆ.

ಮಣ್ಣುಗುಣಿ ಧಾರವಾಡ
ಕಾಕಾ, ಜವಳು ಅನ್ನುವುದು ನಿಜ ಇರಬಹುದು. ಆದರೆ ಸವಳು, ಅಂದರೆ ಉಪ್ಪು ಏರಿದ್ದು, ಇಲ್ಲ. ಇಸಿ 4 ದಾಟಿದರೆ ಉಪ್ಪಿನ ಮಣ್ಣು ಅನ್ನುತ್ತಾರೆ. ರಸಸಾರ 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿಕೊಂಡಿರುವ ಸೋಡಿಯಂ) ಶೇಕಡಾ 15ಕ್ಕಿಂತ ಜಾಸ್ತಿ ಇದ್ದರೆ ಅದು ಕ್ಷಾರ, ಅದಕ್ಕೆ ಜಿಪ್ಸಂ. ಇವರದು 7.3, 0.3. ಇಲ್ಲಿ ಸೋಡಿಯಂ ಕಾಟ ಇರುವಂತೆ ಕಾಣುವುದಿಲ್ಲ. ಸುಮ್ನೆ ಜಿಪ್ಸಂ ಸುರಿದರೆ ದುಡ್ಡು ದಂಡ.

ವರದಾ ದಂಡಿ ಅಣ್ಣಾವ್ರೇ, ನಾನು ಮಣ್ಣು ವಿಜ್ಞಾನ ಓದುತ್ತಿದ್ದೇನೆ. ಒಂದು ಮಾತು ಹೇಳುತ್ತೇನೆ. ಆ ಕಾರ್ಡಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಇಸಿ, ಸಾವಯವ ಇಂಗಾಲ. ಮಣ್ಣಿನ ಕಣ ಎಷ್ಟು ದೊಡ್ಡದು, ನೀರು ಬಸಿಯುತ್ತದೋ ಇಲ್ಲವೋ ಅನ್ನುವುದು ಅದರಲ್ಲಿ ಬರುವುದೇ ಇಲ್ಲ. ಮಾದರಿ ತೆಗೆಯುವುದೂ ಮೇಲಿನ ಒಂದು ಗೇಣಿನದು ಮಾತ್ರ. ನಿಮ್ಮ ರೋಗ ಇರುವುದು ಅದರ ಕೆಳಗೆ. ಅದಕ್ಕೇ ಕಾರ್ಡು "ಸರಿ" ಅನ್ನುತ್ತಿದೆ.

ಮೊದಲು ಕೈಯಿಂದ ನೋಡಿ. ಒಂದು ಮುಷ್ಟಿ ಮಣ್ಣು ನೆನೆಸಿ ಕಲಸಿ. ಜರಜರ ಅಂದರೆ ಮರಳು ಇದೆ. ಬೆರಳಿಗೆ ಅಂಟಿ, ಹೊಸೆದರೆ ಎರಡು ಇಂಚು ಪಟ್ಟಿ ಮುರಿಯದೆ ಬಂದರೆ ಜೇಡಿ ಜಾಸ್ತಿ. ಮೈದಾ ಹಿಟ್ಟಿನ ಹಾಗೆ ನುಣುಪು, ಆದರೆ ಅಷ್ಟಾಗಿ ಅಂಟದು, ಪಟ್ಟಿ ಎಳೆದರೆ ಬೇಗ ಮುರಿಯುತ್ತದೆ ಅಂದರೆ ಅದು ರೇವೆ. ನದಿ ತಂದು ಹಾಕುವ ಹೂಳಿನಲ್ಲಿ ಇದೇ ಜಾಸ್ತಿ. ರೇವೆ ಕಣದ ಗಾತ್ರ 0.002ರಿಂದ 0.05 ಮಿಲಿಮೀಟರ್. ಅದಕ್ಕಿಂತ ಸಣ್ಣದು ಜೇಡಿ, ದೊಡ್ಡದು ಮರಳು.

ವರದಾ ದಂಡಿ
ಈಗಲೇ ಮಾಡಿ ನೋಡಿದೆ ತಂಗಿ. ನುಣುಪು ಇದೆ. ಪಟ್ಟಿ ಒಂದು ಇಂಚು ಬರುವುದರೊಳಗೆ ಮುರಿಯಿತು. ಒಣಗಿದ ಮೇಲೆ ಕೈ ಕೊಡವಿದರೆ ಪುಡಿ ಹಾರಿಹೋಯಿತು.

ಮಣ್ಣುಗುಣಿ ಧಾರವಾಡ
ಹಾಗಾದರೆ ರೇವೆ ಗೋಡು, ಅಂದರೆ ರೇವೆ ಜಾಸ್ತಿ ಇರುವ ಮಣ್ಣು, ಅಂತ ಇಟ್ಟುಕೊಳ್ಳೋಣ. ಖಾತ್ರಿ ಬೇಕಾದರೆ ಒಂದು ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚೂರು ಸೋಪಿನ ಪುಡಿ ಹಾಕಿ ಚೆನ್ನಾಗಿ ಅಲುಗಾಡಿಸಿ ಇಡಿ. ಮರಳು ಒಂದು ನಿಮಿಷದಲ್ಲಿ ಕೂರುತ್ತದೆ. ರೇವೆ ಕೆಲವು ತಾಸಿನಲ್ಲಿ ಕೂರುತ್ತದೆ. ಜೇಡಿ ಮರುದಿನದವರೆಗೂ ನೀರನ್ನು ಕದಡಿಕೊಂಡೇ ಇರುತ್ತದೆ. ಮೂರು ಪದರಕ್ಕೂ ಪೆನ್ನಿಂದ ಗೆರೆ ಹಾಕಿ ಅಳತೆ ನೋಡಿ.

ರಾಣೆಬೆನ್ನೂರು ಬೀಜ
ಒಂದು ಮಾತು ರೀ. ಜನ ಕೆರೆ ಹೂಳನ್ನು ದುಡ್ಡು ಕೊಟ್ಟು ಟಿಪ್ಪರಿನಲ್ಲಿ ಹೊಲಕ್ಕೆ ಹೇರಿಸುತ್ತಾರೆ. ಇವರ ಹೊಲ ಪೂರ್ತಿ ಹೂಳು, ಆದರೂ ಬೆಳೆ ಬರುವುದಿಲ್ಲ ಅಂದರೆ ಹೇಗೆ?

ಮಣ್ಣುಗುಣಿ ಧಾರವಾಡ
ಚಲೋ ಪ್ರಶ್ನೆ. ಮಸಾರಿ ಹೊಲಕ್ಕೆ ಹೂಳು ಹಾಕುವುದು ಅದು ನೀರು ಹಿಡಿಯಲಿ ಅಂತ. ಬೆಳೆಗೆ ಸಿಗುವ ಹಾಗೆ ನೀರು ಹಿಡಿದಿಡುವುದರಲ್ಲಿ ರೇವೆ ಮಣ್ಣಿಗೆ ಸಾಟಿ ಇಲ್ಲ. ಆದರೆ ಅದಕ್ಕೆ ಮೈಕಟ್ಟು ಇಲ್ಲ. ಜೇಡಿ ಕಣಗಳು ಒಂದಕ್ಕೊಂದು ಹಿಡಿದುಕೊಂಡು ಹೆಂಟೆ ಕಟ್ಟುತ್ತವೆ, ಒಣಗಿದಾಗ ಬಿರುಕು ಬಿಟ್ಟು ದಾರಿ ಮಾಡಿಕೊಡುತ್ತವೆ. ರೇವೆಗೆ ಆ ಹಿಡಿತ ಕಡಿಮೆ. ಮಳೆ ಹನಿ ಬಡಿದರೆ ಉದುರಿ, ಸಂದಿಯಲ್ಲೆಲ್ಲಾ ತುಂಬಿಕೊಂಡು ಮೇಲೆ ಹೆಪ್ಪುಗಟ್ಟುತ್ತದೆ. ಹರಿಯುವ ನೀರಿಗೆ ಬೇಗ ಕೊಚ್ಚಿಯೂ ಹೋಗುತ್ತದೆ. ಹಸಿ ಇದ್ದಾಗ ಚಕ್ರ ಹತ್ತಿಸಿದರೆ ಒಳಗೆ ಬಿಗಿದುಕೊಳ್ಳುತ್ತದೆ. ಮೇಲಿಂದ ನೀರು ಇಳಿಯದು, ಕೆಳಗೆ ನೀರು ಇದ್ದರೆ ಬತ್ತಿ ಎಳೆದ ಹಾಗೆ ಮೇಲಕ್ಕೆ ಏರುತ್ತದೆ.

ಎರಿಹೊಲ ನವಲಗುಂದ
ಬೆಣ್ಣೆಹಳ್ಳ ಉಕ್ಕಿದ ವರ್ಷ ಹಳ್ಳದ ಬಾಜೂ ಹೊಲಗಳ ಮೇಲೆ ಇಂಥದ್ದೇ ಮಣ್ಣು ಕೂರುತ್ತದೆ ತಂಗಿ. ನುಣ್ಣಗೆ ಇರುತ್ತದೆ, ಎರಿ ಮೇಲೆ ಒಂದು ಪದರ. ಹರಗಿ ಎರಿಯೊಳಗೆ ಕೂಡಿಸದಿದ್ದರೆ ಕಡಲೆ ಮೊಳಕೆ ಒಡೆದು ಮೇಲೆ ಬರಲಿಕ್ಕೇ ಆಗುವುದಿಲ್ಲ. ಈಗ ಅರ್ಥ ಆಯಿತು.

ಮಣ್ಣುಗುಣಿ ಧಾರವಾಡ
ಅದೇ ಕಾಕಾ! ವರದಾ ದಂಡಿ ಅಣ್ಣಾ, ಈಗ ಸಲಿಕೆ ಹಿಡಿಯಬೇಕು. ಬೆಳೆ ಹಳದಿ ಆಗುವ ಜಾಗದಲ್ಲಿ ಒಂದು ಮೀಟರ್ ಆಳದ ಗುಂಡಿ ತೆಗೆಯಿರಿ. ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡಿ. ಬಣ್ಣ ಎಲ್ಲಿ ಬದಲಾಗುತ್ತದೆ, ಬೇರು ಎಲ್ಲಿ ನಿಲ್ಲುತ್ತದೆ, ನೀರು ಯಾವ ಕಡೆಯಿಂದ ಜಿನುಗುತ್ತದೆ, ಇಷ್ಟು ಬರೆದು ಹಾಕಿ. ಹೊಲದ ತಗ್ಗು ಮೂಲೆಯಲ್ಲೂ ಇನ್ನೊಂದು ಗುಂಡಿ.

ಟ್ರ್ಯಾಕ್ಟರ್ ಗದಗ
ಜೆಸಿಬಿ ಬೇಕಾ? 😀

ವರದಾ ದಂಡಿ
ಗುಂಡಿ ತೆಗೆದೆವು. ನೋಡಿದ್ದು ಹೀಗಿದೆ.

ಬೆಳೆ ಹಳದಿ ಆಗುವ ನಡುಹೊಲದ ಗುಂಡಿ: ಮೇಲೆ ಸುಮಾರು 15 ಸೆಂ.ಮೀ. ಬೂದಿಗಂದು, ಸಡಿಲ. ಅದರ ಕೆಳಗೆ ಒಂದು ಗಟ್ಟಿ ಪದರ, 10 ಸೆಂ.ಮೀ. ದಪ್ಪ ಇರಬಹುದು. ಸಲಿಕೆ ಹೊಡೆದರೆ ಠಣ್ ಅನ್ನುತ್ತದೆ. ಮುರಿದರೆ ಹಾಸು ಹಾಸಾಗಿ ಬಿಚ್ಚಿಕೊಳ್ಳುತ್ತದೆ. ಗೋವಿನಜೋಳದ ಬೇರು ಅಲ್ಲಿಗೆ ಬಂದು ಮುಂದೆ ಇಳಿಯದೆ ಅಡ್ಡಡ್ಡ ಹೋಗಿದೆ. ಈ ಪದರದ ಮೇಲೆ ಮಣ್ಣು ಹಿಂಡಿದರೆ ನೀರು ಬರುತ್ತದೆ. ಪದರದ ಕೆಳಗೆ ಮಣ್ಣು ಬರೀ ತೇವ, ಹಿಂಡಿದರೆ ಏನೂ ಬರುವುದಿಲ್ಲ. ಹಳೇ ಬೇರು ಹೋದ ತೂತುಗಳ ಸುತ್ತ ತುಕ್ಕಿನ ಬಣ್ಣದ ಗೆರೆ ಇದೆ. ಇನ್ನೂ ಕೆಳಗೆ ಕಂದು ಬಣ್ಣವೇ.

ತಗ್ಗು ಮೂಲೆಯ ಗುಂಡಿ: ಗಟ್ಟಿ ಪದರ ಅಷ್ಟಿಲ್ಲ. ಅರ್ಧ ಮೀಟರ್ ಕೆಳಗೆ ಮಣ್ಣೆಲ್ಲಾ ಬೂದು, ನೀಲಿ ಛಾಯೆ ಇದ್ದ ಹಾಗೆ. ನಡುನಡುವೆ ಕಿತ್ತಳೆ ಚುಕ್ಕೆ, ಸಾಸಿವೆಯಷ್ಟು ಕರಿ ಗುಂಡು. ಕೊಳೆತ ಮೊಟ್ಟೆ ವಾಸನೆ ಬಂತು. ನೀರು ಕೆಳಗಿನಿಂದ ಎದ್ದು ಬಂತು, ಸ್ವಲ್ಪ ಹೊತ್ತಿಗೆ ಮೊಣಕಾಲಷ್ಟು ನಿಂತಿತು.

ಹಾನಗಲ್ ಗದ್ದೆ
ಆ ಗಟ್ಟಿ ಪದರ ಏನು ಅಂತ ನಾನು ಹೇಳುತ್ತೇನೆ. ಅದು ನಿಮ್ಮ ಅಪ್ಪ ಮಾಡಿದ್ದು. ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿ ಕೆಸರು ಮಾಡಿ ತುಳಿಸುತ್ತೇವಲ್ಲ, ಅದೇ. ನೀರು ಇಳಿಯಬಾರದು ಅಂತಲೇ ಮಾಡುವುದು. ನಮ್ಮ ಹಾನಗಲ್ ಕಡೆ ಧರ್ಮಾ ಕಾಲುವೆಯ ಗದ್ದೆ ಅಗೆದರೆ ಇದೇ ಕಾಣುತ್ತದೆ. ನಾವು ಅದನ್ನು ಜೋಪಾನ ಮಾಡುತ್ತೇವೆ, ನೀವು ಅದಕ್ಕೆ ರೋಗ ಅನ್ನುತ್ತೀರಿ. ಮಣ್ಣು ಭತ್ತಕ್ಕೆ ಚಲೋ ಇದೆ, ನೀವು ಬೆಳೆ ಬದಲು ಮಾಡಿದಿರಿ.

ಮಣ್ಣುಗುಣಿ ಧಾರವಾಡ
ಹಾನಗಲ್ ಅಣ್ಣಾ, ಪೂರ್ತಿ ಒಪ್ಪುತ್ತೇನೆ. ಮಣ್ಣಿನ ವರ್ಗೀಕರಣದಲ್ಲೂ ಇದಕ್ಕೆ ಬೇರೆ ಜಾಗ ಇಟ್ಟಿದ್ದಾರೆ, ಮನುಷ್ಯ ನೀರು ನಿಲ್ಲಿಸಿದ್ದರಿಂದ ಆದ ಜವಳು ಅಂತ. ಭತ್ತ ಬಿಟ್ಟ ಮೇಲೆ ರೋಟವೇಟರ್ ಹೊಡೆದಿದ್ದರೆ ಆ ಪದರ ಇನ್ನೂ ಬಿಗಿಯಾಗಿರುತ್ತದೆ. ಅದರ ಅಲಗು ಮೇಲಿನ ಮಣ್ಣನ್ನು ಹಿಟ್ಟು ಮಾಡುತ್ತದೆ, ಕೆಳಗೆ ಉಜ್ಜುತ್ತದೆ.

ಈಗ ಎರಡು ಗುಂಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಲ ಒಂದೇ, ಆದರೆ ಅಲ್ಲಿರುವುದು ಎರಡು ಮಣ್ಣು.

ಮಣ್ಣಿನ ರಂಧ್ರದಲ್ಲಿ ನೀರು ತುಂಬಿ ನಿಂತರೆ ಗಾಳಿ ಇರುವುದಿಲ್ಲ. ನಮ್ಮ ಸೆಖೆಗೆ ಒಂದೆರಡು ದಿನದಲ್ಲಿ ಇದ್ದ ಆಮ್ಲಜನಕ ಖರ್ಚಾಗುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ಬೇರೆಯದಕ್ಕೆ ಕೈ ಹಾಕುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಕಡೆಗೆ ಗಂಧಕ. ನೈಟ್ರೇಟ್ ಹೋದಾಗ ನೀವು ಹಾಕಿದ ಯೂರಿಯಾದ ಒಂದು ಪಾಲು ಗಾಳಿಗೆ ಹಾರುತ್ತದೆ. ಬೇರಿಗೆ ಉಸಿರಿಲ್ಲ, ಉಳಿದ ಗೊಬ್ಬರ ಎಳೆದುಕೊಳ್ಳಲೂ ಆಗುವುದಿಲ್ಲ. ಕೆಳಗಿನ ಎಲೆ ಹಳದಿ ಆಗುವುದು ಇದಕ್ಕೇ. ಎಳೆ ಗೋವಿನಜೋಳ ಇಂಥ ಸ್ಥಿತಿಯನ್ನು ಎರಡರಿಂದ ನಾಲ್ಕು ದಿನ ತಡೆದರೆ ಹೆಚ್ಚು. ಕಬ್ಬಿಣದ ಸರದಿ ಬಂದಾಗ ಕೆಂಪು-ಕಂದು ಕಬ್ಬಿಣ ಕರಗಿ ಹರಿದು ಹೋಗುತ್ತದೆ, ಬೂದು ಬಣ್ಣ ಉಳಿಯುತ್ತದೆ. ಗಾಳಿ ಸಿಕ್ಕ ಕಡೆ, ಅಂದರೆ ಬೇರಿನ ತೂತಿನ ಸುತ್ತ, ಮತ್ತೆ ತುಕ್ಕಾಗಿ ಕೂರುತ್ತದೆ. ಆ ಕರಿ ಗುಂಡುಗಳು ಕಬ್ಬಿಣ-ಮ್ಯಾಂಗನೀಸ್. ಮೊಟ್ಟೆ ವಾಸನೆ ಬಂದಿದೆ ಅಂದರೆ ತಗ್ಗು ಮೂಲೆಯಲ್ಲಿ ಗಂಧಕದವರೆಗೂ ಹೋಗಿದೆ. ಅಲ್ಲಿ ನೀರು ಬಹಳ ದಿನ ನಿಂತಿರುತ್ತದೆ.

ನಡುಹೊಲದಲ್ಲಿ ನೀರು ಗಟ್ಟಿ ಪದರದ ಮೇಲೆ ಕೂತಿದೆ, ಅದರ ಕೆಳಗೆ ನೀರು ಇಲ್ಲ. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಮೇಲೆ ತಡೆದು ನಿಂತ ಇಂಥ ನೀರಿಗೆ "ಎಪಿ" ಅನ್ನುತ್ತಾರೆ. ತಗ್ಗು ಮೂಲೆಯಲ್ಲಿ ಅಂತರ್ಜಲವೇ ಕೆಳಗಿನಿಂದ ಎದ್ದಿದೆ, ಅದು "ಎಂಡೊ".

ರಾಣೆಬೆನ್ನೂರು ಬೀಜ
ಹೆಸರು ಯಾವುದಾದರೇನು? ನೀರು ನೀರೇ ಅಲ್ವಾ?

ಮಣ್ಣುಗುಣಿ ಧಾರವಾಡ
ಅಲ್ಲ ರೀ. ಔಷಧ ಅಲ್ಲೇ ಬೇರೆ ಆಗುತ್ತದೆ. ಮೇಲೆ ತಡೆದ ನೀರಿಗೆ ಪದರ ಒಡೆದರೆ ಕೆಳಗೆ ಇಳಿಯಲು ಜಾಗ ಇದೆ, ಟ್ರ್ಯಾಕ್ಟರ್ ಅಣ್ಣನ ಸಬ್‌ಸಾಯಿಲರ್ ಕೆಲಸ ಮಾಡುತ್ತದೆ. ಕೆಳಗಿನಿಂದ ಎದ್ದ ನೀರು ಇರುವ ಕಡೆ ಸೀಳಿದರೆ ಆ ನೀರಿಗೆ ಮೇಲೆ ಬರಲು ನೀವೇ ದಾರಿ ಮಾಡಿಕೊಟ್ಟಂತೆ. ಅಲ್ಲಿ ಬಸಿಗಾಲುವೆಯೇ ಗತಿ.

ಇದು ಯಾವ ಮಣ್ಣು ಅಂತ ಮೊದಲೇ ಕೇಳಿದ್ದಿರಲ್ಲ, ಪೂರ್ತಿ ವರ್ಗೀಕರಣ ಹೇಳುತ್ತೇನೆ. ಬೇಡ ಅನ್ನುವವರು ಮುಂದಿನ ಪೋಸ್ಟಿಗೆ ಹೋಗಿ.

ಆ ಅಮೆರಿಕದ ವರ್ಗೀಕರಣದಲ್ಲಿ ಒಟ್ಟು 12 ಗಣ, ಅಂದರೆ ದೊಡ್ಡ ಗುಂಪು. ನಮ್ಮ ಎರಿ ವರ್ಟಿಸಾಲ್. ಅದಕ್ಕೆ ಜೇಡಿ ಕನಿಷ್ಠ ಶೇ. 30 ಇರಬೇಕು, ಬಿರುಕು ಬಿಡಬೇಕು, ಒಳಗೆ ಉಜ್ಜಿ ಹೊಳೆಯುವ ಮುಖಗಳು ಅಥವಾ ಬೆಣೆಯಾಕಾರದ ಹೆಂಟೆ ಕಾಣಬೇಕು. ಇವರದು ಅದಲ್ಲ. ಮಸಾರಿಯಲ್ಲಿ ಬಹಳಷ್ಟು ಆಲ್ಫಿಸಾಲ್, ಅದಕ್ಕೆ ಜೇಡಿ ಇಳಿದು ಕೂತ ಒಳಪದರ ಬೇಕು. ಅದೂ ಅಲ್ಲ. ನದಿ ದಂಡೆಯ ಮಣ್ಣು ವಯಸ್ಸಿನಲ್ಲಿ ಸಣ್ಣದು. ಗುಂಡಿಯ ಗೋಡೆಯಲ್ಲಿ ನೆರೆ ಹಾಕಿದ ತೆಳುಪದರಗಳು, ಒಂದು ಮರಳು ಒಂದು ರೇವೆ ಅಂತ, ಇನ್ನೂ ಬಿಡಿಬಿಡಿಯಾಗಿ ಕಂಡರೆ ಎಂಟಿಸಾಲ್. ಅದು ಜವಳಾದರೆ ಫ್ಲೂವಕ್ವೆಂಟ್. ಆ ಪದರಗಳು ಅಳಿಸಿ ಮಣ್ಣು ಹೆಂಟೆ ಕಟ್ಟಲು ಶುರು ಮಾಡಿದ್ದರೆ ಇನ್ಸೆಪ್ಟಿಸಾಲ್. ಅದು ಜವಳಾದರೆ ಅಕ್ವೆಪ್ಟ್. ತಗ್ಗು ಮೂಲೆ ಎಂಡೊಅಕ್ವೆಪ್ಟ್ ಇದ್ದ ಹಾಗೆ ಕಾಣುತ್ತದೆ. ನಡುಹೊಲ ಅಷ್ಟು ಬೂದು ಆಗಿಲ್ಲ, ಅದನ್ನು ಪೂರ್ತಿ ಜವಳು ಗುಂಪಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಹ್ಯಾಪ್ಲುಸ್ಟೆಪ್ಟ್, ಅಂದರೆ ಜವಳಲ್ಲದ ಇನ್ಸೆಪ್ಟಿಸಾಲ್, ಒಳಗೇ ಇಡುತ್ತೇನೆ. ಇವೆಲ್ಲಾ ಪೋಸ್ಟ್ ಓದಿ ಹೇಳಿದ್ದು, ಪ್ರಯೋಗಾಲಯದ ಅಳತೆ ಬಂದರೆ ಬದಲಾಗಬಹುದು.

ಕೊನೆಗೆ ಕಣದ ಗುಂಪು. ಜೇಡಿ ಶೇ. 18ರಿಂದ 35ರ ಒಳಗೆ ಇದ್ದು, ಸಣ್ಣ ಮರಳು ಮತ್ತು ಅದಕ್ಕಿಂತ ದಪ್ಪನೆಯದು ಶೇ. 15ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಫೈನ್-ಸಿಲ್ಟಿ ಅನ್ನುತ್ತಾರೆ.

ಕಲಘಟಗಿ ಮಲೆನಾಡ ಸೆರಗು
ಬೂದು ಬಣ್ಣ ಕಂಡರೆ ಜವಳು ಅಂತ ಹೇಳಿಬಿಡಬಹುದಾ? ನಮ್ಮ ಕಡೆ ಹಳೇ ಕೆರೆ ಅಂಗಳದಲ್ಲಿ ಬೂದು ಮಣ್ಣಿದೆ, ಈಗ ಅಲ್ಲಿ ನೀರೇ ನಿಲ್ಲುವುದಿಲ್ಲ.

ಮಣ್ಣುಗುಣಿ ಧಾರವಾಡ
ಬರೀ ಬಣ್ಣ ನಂಬಬಾರದು, ನೀವು ಹೇಳುವುದು ಸರಿ. ಹಿಂದೆ ಆದ ಬೂದು ಹಾಗೇ ಉಳಿಯುತ್ತದೆ, ನೀರು ಹೋದ ಮೇಲೂ. ಅದಕ್ಕೆ ಒಂದು ರಾಸಾಯನಿಕ ಇದೆ, ಆಲ್ಫಾ ಆಲ್ಫಾ ಡೈಪಿರಿಡಿಲ್. ಆಗಷ್ಟೇ ಒಡೆದ ಹಸಿ ಹೆಂಟೆಗೆ ಒಂದೆರಡು ಹನಿ ಹಾಕಿದರೆ, ಈಗ ಕಬ್ಬಿಣ ಕರಗಿದ ರೂಪದಲ್ಲಿದ್ದರೆ ಗುಲಾಬಿ-ಕೆಂಪು ಬರುತ್ತದೆ. ಸಲಿಕೆ ತಾಗಿದ ಜಾಗಕ್ಕೆ ಹಾಕಬೇಡಿ, ಸಲಿಕೆಯ ಕಬ್ಬಿಣಕ್ಕೇ ಬಣ್ಣ ಬಂದುಬಿಡುತ್ತದೆ. ವಿಷ ಅದು, ಪ್ರಯೋಗಾಲಯದವರು ಮಾಡಲಿ.

ರೈತರಿಗೆ ಸುಲಭದ್ದು ಪೈಪು. ಎರಡು ಇಂಚಿನ ಪಿವಿಸಿ ಪೈಪಿಗೆ ಕೆಳಗಿನ ಭಾಗದಲ್ಲಿ ತೂತು ಹೊಡೆದು, ಹಳೇ ಬಟ್ಟೆ ಸುತ್ತಿ, ಒಂದೂವರೆ ಮೀಟರ್ ಆಳಕ್ಕೆ ನೆಡಿ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಕೋಲು ಇಳಿಸಿ ನೀರಿನ ಮಟ್ಟ ಬರೆದಿಡಿ. ಪಕ್ಕದಲ್ಲೇ ಇನ್ನೊಂದು ಗಿಡ್ಡ ಪೈಪು, ಗಟ್ಟಿ ಪದರದ ಮೇಲೆ ನಿಲ್ಲುವ ಹಾಗೆ. ಗಿಡ್ಡ ಪೈಪಿನಲ್ಲಿ ನೀರು ಇದ್ದು ಉದ್ದ ಪೈಪು ಖಾಲಿ ಇದ್ದರೆ ನೀರು ಮೇಲೆ ತಡೆದಿದೆ ಅಂತ ಖಾತ್ರಿ. ಉದ್ದ ಪೈಪಿನ ಸುತ್ತ ಮೇಲ್ಗಡೆ ಎರಿ ಮಣ್ಣು ಗಟ್ಟಿಯಾಗಿ ತುಂಬಬೇಕು. ಇಲ್ಲದಿದ್ದರೆ ಮೇಲಿನ ನೀರು ಪೈಪಿನ ಪಕ್ಕದಿಂದ ಇಳಿದು ಲೆಕ್ಕ ಕೆಡಿಸುತ್ತದೆ.

ಎರಿಹೊಲ ನವಲಗುಂದ
ಈ ಪೈಪಿನ ಕೆಲಸ ನಮ್ಮ ಕಡೆ ಕಾಲುವೆ ಬಿಡುವ ಮೊದಲೇ ಎಲ್ಲಾ ಹೊಲದಲ್ಲಿ ಆಗಬೇಕಿತ್ತು. ನೀರು ಕೊಟ್ಟರು, ಬಸಿಯುವ ದಾರಿ ಕೊಡಲಿಲ್ಲ. ಮೇಲಿಂದ ಅಭಿವೃದ್ಧಿ ಕರ ಬೇರೆ. 1980ರಲ್ಲಿ ನರಗುಂದ-ನವಲಗುಂದದ ರೈತರು ಬೀದಿಗೆ ಇಳಿದಿದ್ದು ಸುಮ್ನೆ ಅಲ್ಲ. ಇರಲಿ, ಆ ವಿಷಯ ಬೇರೆ.

ಟ್ರ್ಯಾಕ್ಟರ್ ಗದಗ
ಹಾಗಾದರೆ ನಡುಹೊಲಕ್ಕೆ ನನ್ನ ಸಬ್‌ಸಾಯಿಲರ್ ಪಾಸ್ ಆಯಿತು. ಮೊದಲೇ ಹೇಳಿದ್ದೆ.

ಮಣ್ಣುಗುಣಿ ಧಾರವಾಡ
ಪಾಸ್, ಆದರೆ ಯಾವಾಗ ಹೊಡೆಯುತ್ತೀರಿ ಅನ್ನುವುದು ಮುಖ್ಯ. ಏಪ್ರಿಲ್-ಮೇ, ಮಣ್ಣು ಒಳಗೂ ಒಣಗಿದಾಗ. ಹಸಿ ಇದ್ದಾಗ ಹೊಡೆದರೆ ಪದರ ಒಡೆಯುವುದಿಲ್ಲ, ಕತ್ತಿಯಿಂದ ಬೆಣ್ಣೆ ಸೀಳಿದ ಗೆರೆ ಅಷ್ಟೇ. ರೇವೆ ಮಣ್ಣು ಬೇಗ ಮತ್ತೆ ಕೂತುಕೊಳ್ಳುತ್ತದೆ, ಒಂದು ಸಲ ಹೊಡೆದು ಮರೆತರೆ ಆಗದು. ಸೀಳಿದ ಮೇಲೆ ಮಳೆ ಶುರುವಾಗುವಾಗ ಡೈಂಚಾ ಚೆಲ್ಲಿ. ನಿಂತ ನೀರನ್ನು ತಡೆಯುವ ಹಸಿರೆಲೆ ಗೊಬ್ಬರ ಅದು, ಬೇರು ಆ ಸೀಳಿನಲ್ಲಿ ಇಳಿದು ದಾರಿ ಹಿಡಿದಿಡುತ್ತದೆ. ರೋಟವೇಟರ್ ಮಾತ್ರ ಬಿಡಿ. ಕೊಟ್ಟಿಗೆ ಗೊಬ್ಬರ ಎಷ್ಟು ಸಿಕ್ಕರೂ ಹಾಕಿ, ಗೋವಿನಜೋಳದ ದಂಟು ಸುಡಬೇಡಿ. ರೇವೆಗೆ ಮೈಕಟ್ಟು ಕೊಡುವುದು ಅದೊಂದೇ.

ಹಾನಗಲ್ ಗದ್ದೆ
ತಗ್ಗು ಮೂಲೆಯನ್ನು ಮಾತ್ರ ಭತ್ತಕ್ಕೆ ಬಿಡಿ ಅಂತ ನನ್ನ ಮಾತು. ಅದು ನೀರಿನ ಜಾಗ. ಅರ್ಧ ಎಕರೆ ಇದ್ದರೂ ಮನೆಗೆ ಅಕ್ಕಿ ಆಗುತ್ತದೆ. ನಮ್ಮ ಕಡೆ, ಕಲಘಟಗಿ ಕಡೆ ಕೂರಿಗೆಯಲ್ಲೇ ಭತ್ತ ಬಿತ್ತುತ್ತಾರೆ. ನಾಟಿಗೆ ಆಳು ಬೇಕಿಲ್ಲ, ಕೆಸರು ತುಳಿಸುವುದೂ ಬೇಕಿಲ್ಲ.

ಕಲಘಟಗಿ ಮಲೆನಾಡ ಸೆರಗು
ಹೌದು, ಮೇ ಕೊನೆಗೇ ಒಣಬಿತ್ತನೆ ಮಾಡುತ್ತೇವೆ. ಕಳೆ ಒಂದೇ ಕಷ್ಟ. ಎಡೆಕುಂಟಿ ಹೊಡೆಯುತ್ತಲೇ ಇರಬೇಕು.

ವರದಾ ದಂಡಿ
ಅಲ್ಲಿಯೂ ಗೋವಿನಜೋಳವೇ ಹಾಕಬೇಕು ಅಂದರೆ ದಾರಿ ಇಲ್ಲವಾ? ನನ್ನ ತಮ್ಮ ನೆಲದೊಳಗೆ ಪೈಪ್ ಹಾಕಿಸೋಣ ಅನ್ನುತ್ತಿದ್ದಾನೆ. ಅಮೆರಿಕದಲ್ಲಿ ಹಾಗೇ ಮಾಡುತ್ತಾರಂತೆ.

ಮಣ್ಣುಗುಣಿ ಧಾರವಾಡ
ಮಾಡುತ್ತಾರೆ. ಇಲಿನಾಯ್ ರಾಜ್ಯದಲ್ಲಿ ಡ್ರಮ್ಮರ್ ಅಂತ ಒಂದು ಮಣ್ಣಿದೆ, ಆ ರಾಜ್ಯದ ಅಧಿಕೃತ ಮಣ್ಣೇ ಅದು. ಗಾಳಿ ಹೊತ್ತು ತಂದ ರೇವೆಯಿಂದ ಆದದ್ದು, ಮೇಲೆ ದಪ್ಪ ಕಪ್ಪು ಪದರ, ಕೆಳಗೆ ಬೂದು. ಹುಟ್ಟಿನಿಂದ ನೀರು ಬಸಿಯದ ಮಣ್ಣು. ವರ್ಗೀಕರಣದಲ್ಲಿ ಫೈನ್-ಸಿಲ್ಟಿ, ಎಂಡೊಅಕ್ವಾಲ್ (ಕೆಳಗಿನ ನೀರಿನಿಂದ ಜವಳಾದ, ಕಪ್ಪು ಮೇಲ್ಪದರದ ಮಣ್ಣು). ನೆಲದೊಳಗೆ ಬಸಿಪೈಪು ಹಾಕಿದ ಮೇಲೆ ಅಲ್ಲಿ ಗೋವಿನಜೋಳ ಭರ್ಜರಿ ಬೆಳೆಯುತ್ತಾರೆ. ಇನ್ನೊಂದು ಮಜಾ ಇದೆ. ಎಷ್ಟು ಪೈಪು ಹಾಕಿದರೂ ಆ ಮಣ್ಣನ್ನು "ಸರಿಯಾಗಿ ಬಸಿಯದ್ದು" ಅಂತಲೇ ಬರೆಯುತ್ತಾರೆ. ಬಸಿಯುವ ದರ್ಜೆ 7 ಇವೆ, ಅವು ಮಣ್ಣು ಹುಟ್ಟಿದ ಸ್ಥಿತಿಯನ್ನು ಹೇಳುತ್ತವೆ, ರೈತ ಮಾಡಿದ ರಿಪೇರಿಯನ್ನಲ್ಲ.

ಆದರೆ ಅಲ್ಲಿನದನ್ನು ಇಲ್ಲಿ ಹಾಗೇ ತರಬೇಡಿ. ಅಲ್ಲಿ ನೂರಾರು ಎಕರೆಗೆ ಒಂದೇ ಯೋಜನೆ, ಹೊರಗೆ ಸಾಮೂಹಿಕ ಕಾಲುವೆ. ನಿಮ್ಮದು ಒಂದು ಮೂಲೆ. ಮೊದಲು ತೆರೆದ ಬಸಿಗಾಲುವೆ ತೆಗೆದು ನೋಡಿ, ಒಂದು ಮೀಟರ್ ಆಳ. ದಂಡೆ ನೇರ ಕಡಿಯಬೇಡಿ, ರೇವೆ ಕುಸಿಯುತ್ತದೆ, ಓರೆ ಇಟ್ಟು ಹುಲ್ಲು ಬೆಳೆಸಿ. ಪೈಪೇ ಹಾಕುವುದಾದರೆ ಸುತ್ತ ಸೋಸುವ ಬಟ್ಟೆ ಅಥವಾ ಮರಳು-ಗರಸಿನ ಹೊದಿಕೆ ಬೇಕೇ ಬೇಕು. ಜೇಡಿ ಹೊಲದಲ್ಲಿ ಕೆಲವೊಮ್ಮೆ ಇಲ್ಲದೆ ನಡೆಯುತ್ತದೆ. ರೇವೆ ಮಾತ್ರ ನೀರಿನ ಜೊತೆ ಒಳಗೆ ನುಗ್ಗಿ ಪೈಪ್ ಕಟ್ಟಿಹಾಕುತ್ತದೆ. ಗುಂಡು ಎಳೆದು ಒಳಗೆ ಸುರಂಗ ಮಾಡುವ ಮೋಲ್ ಡ್ರೈನ್ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಜೇಡಿಯಲ್ಲಿ ನಿಲ್ಲುತ್ತದೆ, ಇಲ್ಲಿ ಮೊದಲ ಮಳೆಗೇ ಕುಸಿಯುತ್ತದೆ.

ಬಿತ್ತನೆಯನ್ನು ಏರುಮಡಿಯಲ್ಲಿ ಮಾಡಿ. ಒಂದೂವರೆ ಮೀಟರಿಗೆ ಒಂದು ಮಡಿ, ನಡುವೆ ಸಾಲು, ಸಾಲಿನ ಬಾಯಿ ಬಸಿಗಾಲುವೆಗೆ. ಯೂರಿಯಾವನ್ನು ಒಂದೇ ಸಲ ಸುರಿಯದೆ ಹಂಚಿ ಹಾಕಿ, ನೀರು ನಿಂತಿರುವಾಗ ಹಾಕಲೇಬೇಡಿ.

ಎರಿಹೊಲ ನವಲಗುಂದ
ತಮ್ಮಾ, ಎಲ್ಲಾ ಸರಿ. ನಿನ್ನ ಬಸಿಗಾಲುವೆಯ ನೀರು ಹೋಗುವುದು ಎಲ್ಲಿಗೆ? ನದಿಗೆ ಬಿಡುತ್ತೀಯಾ, ಕೆಳಗಿನವನ ಹೊಲಕ್ಕಾ?

ವರದಾ ದಂಡಿ
ನಡುವೆ ದೊಡ್ಡಪ್ಪನ ಮಗನ ಹೊಲ ಇದೆ ಕಾಕಾ. ಅದನ್ನು ದಾಟಿದರೆ ನದಿ. ಅಣ್ಣನ ಹೊಲದಲ್ಲೂ ಅದೇ ಬೂದು ಮಣ್ಣು, ಅವನ ಬೆಳೆಯೂ ಹಳದಿಯೇ.

ಎರಿಹೊಲ ನವಲಗುಂದ
ಹಾಗಾದರೆ ಅವನನ್ನೂ ಕರೆದು ಆ ಗುಂಡಿ ತೋರಿಸು. ಕಾಲುವೆ ಇಬ್ಬರ ಬದುವಿನ ಮೇಲೆ ಬರಲಿ, ಖರ್ಚು ಅರ್ಧರ್ಧ. ನದಿ ತುಂಬಿದಾಗ ನೀರು ವಾಪಸ್ ಒಳಗೆ ನುಗ್ಗದ ಹಾಗೆ ಬಾಯಿಗೆ ಒಂದು ಹಲಗೆ ಬಾಗಿಲು ಇಡಿ. ನಮ್ಮ ಹಳ್ಳದ ಬಾಜೂ ಅದಿಲ್ಲದೆ ಆಗುವುದಿಲ್ಲ.

ಮಣ್ಣುಗುಣಿ ಧಾರವಾಡ
ಕಾಕಾ ಹೇಳಿದ ಬಾಗಿಲು ನಾನು ಮರೆತೇಬಿಟ್ಟಿದ್ದೆ. ಅಣ್ಣಾ, ಪೈಪು ನೆಟ್ಟ ಮೇಲೆ ಜುಲೈ, ಆಗಸ್ಟ್‌ನ ಲೆಕ್ಕ ಇಲ್ಲೇ ಹಾಕಿ. ಬಸಿಗಾಲುವೆಯ ಆಳ ಅದನ್ನು ನೋಡಿ ಗೊತ್ತುಮಾಡೋಣ.

ವರದಾ ದಂಡಿ
ಆಯಿತು ತಂಗಿ. ಎರಡು ಪೈಪು ಈ ವಾರ ನೆಡುತ್ತೇವೆ. ಅಣ್ಣನ ಹೊಲದಲ್ಲೂ ಒಂದು ನೆಡೋಣ ಅಂತಿದ್ದೇನೆ, ಅವನು ಒಪ್ಪಿದರೆ.